‘ಇಲ್ಲ’ ಮತ್ತು ‘ಅಧಿಕಾರವಿಲ್ಲ’: ಗಿಟ್ ಭಂಡಾರಗಳ ನಿರಾಕರಣ ವಾಕ್ಯಗಳ ವಿಮರ್ಶೆ

ಆಧಾರ ಸಾಮಗ್ರಿಯ ಅಭಾವಕ್ಕೂ ಅದರ ಅಲಭ್ಯತೆಗೂ ಇರುವ ಅಂತರವನ್ನು ಇತಿಹಾಸದ ವಿದ್ಯಾರ್ಥಿಯು ಮೊದಲ ಪಾಠದಲ್ಲಿಯೇ ಕಲಿಯಬೇಕಾಗುತ್ತದೆ. ದಾಖಲೆಯೇ ಇಲ್ಲವೆಂಬುದು ಒಂದು ಮಾತು; ಅದನ್ನು ನೋಡಲು ಅನುಮತಿಯಿಲ್ಲವೆಂಬುದು ಬೇರೆಯೇ ಮಾತು. ಈ ಎರಡನ್ನೂ ಒಂದರಲ್ಲಿ ಬೆರೆಸುವ ಆಧುನಿಕ ದಫ್ತರವೊಂದರ ಭಾಷೆಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಸಾಫ್ಟ್‌ವೇರ್ ರಚನೆಯಲ್ಲಿ ಆಗುವ ತಿದ್ದುಪಡಿಗಳನ್ನು ಕರ್ತೃವಿನ ಹೆಸರು ಹಾಗೂ ಕಾಲನಿರ್ದೇಶ ಸಹಿತವಾಗಿ ಉಳಿಸಿಡುವ ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯೇ ಆ ದಫ್ತರ.

ಗಿಟ್‌ನ ಹುಟ್ಟಿಗೇ ಪ್ರವೇಶದ ವಿವಾದವೊಂದು ಕಾರಣವಾದುದು ಗಮನಾರ್ಹ. ಲಿನಕ್ಸ್ ಕರ್ನೆಲ್‌ನ ರಚನಕಾರರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಒಡೆತನದ ವ್ಯವಸ್ಥೆಯನ್ನು ಬಳಸುತ್ತಿದ್ದರು. ಅದರ ಉಚಿತ ಬಳಕೆಯ ಅನುಮತಿಯು 2005ರಲ್ಲಿ ರದ್ದಾಗಲು, ಲಿನಸ್ ಟೋರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಗಿಟ್ ಅನ್ನು ರಚಿಸತೊಡಗಿದರು. ಇದರಲ್ಲಿ ಪ್ರತಿಯೊಬ್ಬ ಕೆಲಸಗಾರನ ಬಳಿಯೂ ಇತಿಹಾಸದ ಪೂರ್ಣ ಪ್ರತಿಯಿರುವುದು ವಾಡಿಕೆ. ಆದರೆ ಎಲ್ಲರೂ ಒಪ್ಪಿದ ಪ್ರತಿಯು ಗಿಟ್‌ಹಬ್‌ನಂತಹ ದೂರದ ಭಂಡಾರದಲ್ಲಿ ನೆಲೆಸಿದಾಗ, ಪ್ರವೇಶದ ಪ್ರಶ್ನೆಯೂ ಮರಳಿ ಬರುವುದು ಸಹಜವೇ.

ಎಸ್‌ಎಸ್‌ಎಚ್ ಮಾರ್ಗದಿಂದ ಗಿಟ್‌ಹಬ್‌ನ ಖಾಸಗಿ ಭಂಡಾರವೊಂದನ್ನು ಅಧಿಕಾರವಿಲ್ಲದವನು ಕೇಳಿದನೆನ್ನೋಣ. ಅವನಿಗೆ ದೊರೆಯುವ ಉತ್ತರದಲ್ಲಿ ಎರಡು ಭಾಗಗಳುಂಟು. ಮೊದಲನೆಯದು, ಭಂಡಾರವು ಕಂಡುಬರಲಿಲ್ಲವೆಂದು ಖಚಿತವಾಗಿ ಸಾರುತ್ತದೆ. ಎರಡನೆಯದು, ದೂರದ ಭಂಡಾರವನ್ನು ಓದಲಾಗಲಿಲ್ಲವೆಂದು ತಿಳಿಸಿ, ತಕ್ಕ ಅಧಿಕಾರವಿದೆಯೇ, ಭಂಡಾರವು ಇದೆಯೇ ಎಂದು ನೋಡಿಕೊಳ್ಳುವಂತೆ ಸೂಚಿಸುತ್ತದೆ. ಓದುವವನು ಇದನ್ನು ಒಂದೇ ಬಾಯಿಯ ಮಾತೆಂದು ಭಾವಿಸುವುದುಂಟು. ವಸ್ತುತಃ ಇಲ್ಲಿ ಎರಡು ಕೈಗಳಿವೆ: ಮೊದಲ ವಾಕ್ಯವು ಗಿಟ್‌ಹಬ್‌ನ ಸರ್ವರಿನದು, ಎರಡನೆಯದು ಕೇಳುವವನ ಯಂತ್ರದಲ್ಲಿರುವ ಗಿಟ್‌ನದು. ಬಲ್ಲವನು ಒಂದನ್ನೇ ಹೇಳುತ್ತಾನೆ. ಅರಿಯದವನು ಎರಡು ಸಾಧ್ಯತೆಗಳನ್ನೂ ತೆರೆದಿಡುತ್ತಾನೆ. ಸತ್ಯಕ್ಕೆ ಹತ್ತಿರವಾಗಿರುವುದು ಅರಿಯದವನ ಮಾತೇ.

ಗಿಟ್‌ಹಬ್‌ನ ಪಕ್ಷದಲ್ಲಿ ಹೇಳಬಹುದಾದ ಸಮಾಧಾನವಿಲ್ಲದಿಲ್ಲ. ‘ಇದೆ, ಆದರೆ ನಿಮಗಲ್ಲ’ ಎಂದರೆ ಗುಪ್ತ ಭಂಡಾರದ ಇರವನ್ನು ಒಪ್ಪಿಕೊಂಡಂತಾಗುವುದು. ಹೆಸರುಗಳನ್ನು ಊಹಿಸಿ ಕೇಳುತ್ತ ಹೋಗುವವನು ಇತರರ ರಹಸ್ಯಗಳ ಪಟ್ಟಿಯನ್ನೇ ಸಿದ್ಧಪಡಿಸಿಕೊಳ್ಳಬಲ್ಲನು. ಆದುದರಿಂದ ಮೌನವು ನ್ಯಾಯವೇ. ಆದರೆ ಮೌನಕ್ಕೂ ಅನೃತಕ್ಕೂ ಭೇದವುಂಟು. ‘ಇಂತಹ ಭಂಡಾರವಿಲ್ಲ, ಅಥವಾ ನಿಮಗೆ ಕಾಣಿಸಲಾಗದು’ ಎಂದಿದ್ದರೆ ರಹಸ್ಯವೂ ಉಳಿಯುತ್ತಿತ್ತು, ಸತ್ಯವೂ ಉಳಿಯುತ್ತಿತ್ತು. ಈಗಿನ ವಾಕ್ಯದಿಂದ, ಹೊಸದಾಗಿ ಕೆಲಸಕ್ಕೆ ಸೇರಿದ ಯುವಕನು ಸರಿಯಾಗಿಯೇ ಇರುವ ವಿಳಾಸವನ್ನು ಹತ್ತು ಸಲ ತಿದ್ದುತ್ತ, ದೋಷವು ತನ್ನದೇ ಎಂದು ನಂಬುವಂತಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಗೊಂದಲವು ಹೆಸರಿನದು. ಗಿಟ್‌ನ ದಾಖಲೆಯಲ್ಲಿ ಮೂಡುವ ಹೆಸರು ಹಾಗೂ ಮಿಂಚಂಚೆ ವಿಳಾಸಗಳನ್ನು ಬರೆಯುವವನೇ ತನ್ನ ಯಂತ್ರದಲ್ಲಿ ನಮೂದಿಸಿರುತ್ತಾನೆ. ಗಿಟ್ ಅವನ್ನು ಪರೀಕ್ಷಿಸುವುದಿಲ್ಲ. ಬಾಗಿಲು ತೆರೆಯುವುದು ಕೀಲಿಯಿಂದಲೇ ಹೊರತು ಆ ಹೆಸರಿನಿಂದಲ್ಲ. ಶಾಸನದ ಕವಿಯೇ ಅದನ್ನು ಕಂಡರಿಸಿದವನೆಂದು ನಾವು ತಿಳಿಯುವುದಿಲ್ಲವಷ್ಟೆ. ಇಲ್ಲಿಯೂ ಅದೇ ವಿವೇಕವು ಬೇಕು. ಒಂದೇ ಯಂತ್ರದಲ್ಲಿ ಎರಡು ಖಾತೆಗಳ ಕೀಲಿಗಳಿದ್ದರೆ, ಮೊದಲು ಒಪ್ಪಿತವಾದ ಕೀಲಿಯು ಯಾವ ಖಾತೆಯದೋ ಆ ಖಾತೆಯವನೆಂದೇ ಗಿಟ್‌ಹಬ್ ಬಂದವನನ್ನು ಗಣಿಸುತ್ತದೆ. ಆ ಖಾತೆಗೆ ಅಧಿಕಾರವಿಲ್ಲದಿದ್ದರೆ ಮತ್ತೆ ‘ಕಂಡುಬರಲಿಲ್ಲ’ ಎಂಬ ಉತ್ತರವೇ ಗತಿ. ದಾಖಲೆಯ ಹೆಸರನ್ನು ಎಷ್ಟು ಬದಲಿಸಿದರೂ ಫಲವಿಲ್ಲ. ಆದುದರಿಂದ ಪರೀಕ್ಷೆಯ ಕ್ರಮವು ಹೀಗಿರತಕ್ಕದ್ದು: ಸರ್ವರು ತನ್ನನ್ನು ಯಾರೆಂದು ಗುರುತಿಸಿದೆಯೆಂಬುದನ್ನು ‘ಎಸ್‌ಎಸ್‌ಎಚ್’ ಆಜ್ಞೆಯನ್ನು ‘ಟಿ’ ಆಯ್ಕೆಯೊಡನೆ ಕಳುಹಿಸಿ ಅರಿಯುವುದು, ಬಳಿಕ ಭಂಡಾರದ ವಿಳಾಸವನ್ನು ಅಕ್ಷರಶಃ ನೋಡುವುದು, ಕಡೆಗೆ ಒಡೆಯನಲ್ಲಿ ಅಧಿಕಾರವನ್ನು ಕೇಳುವುದು. ಎಚ್‌ಟಿಟಿಪಿಎಸ್ ಮಾರ್ಗವನ್ನು ಹಿಡಿದವನು, 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಈ ಕೆಲಸಕ್ಕೆ ಖಾತೆಯ ಗುಪ್ತಪದವನ್ನು ಸ್ವೀಕರಿಸುತ್ತಿಲ್ಲವೆಂಬುದನ್ನು ನೆನೆಯಬೇಕು. ಅದರ ಸ್ಥಾನದಲ್ಲಿ ಟೋಕನ್ ಮುಂತಾದುವು ಬೇಕಾಗುತ್ತವೆ.

ನಿರಾಕರಣೆಯ ಭಾಷೆಯು ಪ್ರಾಮಾಣಿಕವಾಗಿರುವುದು ಅಸಾಧ್ಯವೇನಲ್ಲ. ಓಪನ್‌ಎಸ್‌ಎಸ್‌ಎಚ್ ಇದಕ್ಕೆ ನಿದರ್ಶನ. ಪರಿಚಿತ ಸರ್ವರಿನ ಕೀಲಿಯು ಬದಲಾಗಿ ಕಂಡರೆ, ನಡುವೆ ಯಾರೋ ಕದ್ದು ಕೇಳುತ್ತಿರಬಹುದು, ಅಥವಾ ಕೀಲಿಯೇ ಬದಲಾಗಿರಬಹುದು ಎಂದು ಅದು ಎರಡನ್ನೂ ಮುಂದಿಡುತ್ತದೆ. ತನ್ನ ಆರ್‌ಎಸ್‌ಎ ಕೀಲಿಯ ಗುಪ್ತಭಾಗವು ಸಾರ್ವಜನಿಕ ಭಂಡಾರವೊಂದರಲ್ಲಿ ಅಲ್ಪಕಾಲ ಬಯಲಾದುದರಿಂದ ಗಿಟ್‌ಹಬ್ 2023ರ ಮಾರ್ಚ್ 24ರಂದು ಅದನ್ನು ಬದಲಿಸಿದಾಗ, ಹಳೆಯ ಕೀಲಿಯನ್ನು ನಂಬಿದ್ದವರಿಗೆ ಈ ಎಚ್ಚರಿಕೆಯೇ ಎದುರಾಯಿತು. ಗಾಬರಿಯಿಂದ ಅದನ್ನು ಮೀರುವುದು ಆಗ ಉಚಿತವಾಗಿರಲಿಲ್ಲ. ಪ್ರಕಟವಾದ ಹೊಸ ಕೀಲಿಯ ಗುರುತಿನೊಡನೆ ಹೋಲಿಸಿ ನೋಡಿ, ಆ ಮೇಲೆಯೇ ಹಳೆಯದನ್ನು ತೆಗೆಯುವುದು ಯುಕ್ತವಾಗಿದ್ದಿತು.

ಮುಂದಿನ ಇತಿಹಾಸಕಾರರಿಗೆ ಈ ಭಂಡಾರಗಳೂ ಆಧಾರ ಸಾಮಗ್ರಿಯೇ ಆಗುವುವು. ‘ಕಂಡುಬರಲಿಲ್ಲ’ ಎಂಬ ಉತ್ತರವನ್ನು ಅವರು ಅಭಾವದ ಪ್ರಮಾಣವೆಂದು ಅಂಗೀಕರಿಸಿದರೆ, ಇದ್ದುದನ್ನೇ ಇಲ್ಲವೆಂದು ಬರೆದಾರು. ದಾಖಲೆಯ ಮಾತನ್ನು ಶೋಧಿಸುವಂತೆಯೇ ದಫ್ತರದ ಬಾಗಿಲಲ್ಲಿ ಕೇಳಿಬಂದ ಮಾತನ್ನೂ ಶೋಧಿಸತಕ್ಕದ್ದು.