ಎರಡು ಶರಪಂಜರಗಳು

ತ್ರಿವೇಣಿಯವರ 'ಶರಪಂಜರ'ವನ್ನು ನಾನು ಮೊದಲು ಓದಿದೆ. ಪುಟ್ಟಣ್ಣ ಕಣಗಾಲರು ತೆರೆಗೆ ತಂದ ಚಿತ್ರವನ್ನು ದೂರದರ್ಶನದಲ್ಲಿ ನೋಡಿದ್ದು ಆಮೇಲೆ. ಚಿತ್ರವೆಂದರೆ ಎಲ್ಲರಿಗೂ ಕಲ್ಪನಾ ಅವರ ಆ ನಗು, ಆ ಕೂಗು, ಆ ಸೀರೆಗಳು ನೆನಪಾಗುತ್ತವೆ. (ಸೀರೆಗಳಂತೂ ನಮ್ಮ ಸ್ಟಾಫ್ ರೂಮಿನಲ್ಲಿ ಇಂದಿಗೂ ಚರ್ಚೆಗೆ ಬರುತ್ತವೆ!) ನನ್ನನ್ನು ಕಾಡಿದ್ದು ಕಾದಂಬರಿಯ ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಪುಟಗಳು. ಜ್ವರ ಬಿಟ್ಟವಳಿಗೆ ಗಂಜಿ ಕಾಯಿಸಿ ಕೊಡುವ ನಾವು, ಮನಸ್ಸಿನ ಕಾಯಿಲೆ ವಾಸಿಯಾದವಳನ್ನು ಮಾತ್ರ ಓರೆಗಣ್ಣಿನಲ್ಲಿ ಅಳೆಯುತ್ತೇವೆ. ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಗಂಡ ಸತೀಶ ದೂರ ಸರಿಯುವುದಂತೂ ಕಾಯಿಲೆಗಿಂತ ಕ್ರೂರ.

ತೆರೆಯ ಮೇಲೆ ಹಾಡು, ಬಣ್ಣ, ಆವೇಶಗಳ ನಡುವೆ ಈ ಸಣ್ಣ ಸಣ್ಣ ಚುಚ್ಚುಗಳು ಹಿಂದೆ ಬೀಳುತ್ತವೆ. ಹಾಗೆಂದು ಪುಟ್ಟಣ್ಣನವರನ್ನು ದೂರಲಾರೆ. ಪುಸ್ತಕ ಮುಟ್ಟದ ಎಷ್ಟೋ ಹೆಂಗಸರು ಚಿತ್ರ ನೋಡಿ, ತಪ್ಪು ಅವಳದ್ದಲ್ಲ ಎಂದು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ್ದೇನೆ. ಕೊನೆಯಲ್ಲಿ ಕಲ್ಪನಾ ಅವರ ಕಣ್ಣು ನೋಡಿ ನಾನೂ ಅತ್ತಿದ್ದೇನೆ. ಪುಸ್ತಕ ಅಳಿಸಲಿಲ್ಲ, ಎರಡು ದಿನ ನಮ್ಮ ಮನೆಯವರೊಡನೆ ಮಾತೇ ಬರದಂತೆ ಮಾಡಿತು.

1963ರಲ್ಲೇ ತೀರಿಕೊಂಡ ತ್ರಿವೇಣಿ ಈ ಚಿತ್ರವನ್ನು ನೋಡಲಿಲ್ಲ. ನೋಡಿದ್ದರೆ, ಆ ಕೂಗನ್ನು ಸ್ವಲ್ಪ ತಗ್ಗಿಸಿ ಎನ್ನುತ್ತಿದ್ದರೇನೋ.