ರೇಷ್ಮೆಗೆ ರೇಷ್ಮೆಯದೇ ಮುದ್ರೆ

ಸೀರೆ ಕೊಳ್ಳುವವರು ಸೆರಗು ಹರಡಿಸಿ ನೋಡುತ್ತಾರೆ, ಜರಿ ಅಸಲಿಯೇ ಎಂದು ಕೇಳುತ್ತಾರೆ. ಅಂಚಿಗೆ ಕಟ್ಟಿದ ಸಿಲ್ಕ್ ಮಾರ್ಕ್ ಲೇಬಲ್ಲನ್ನು ತಿರುಗಿಸಿ ನೋಡುವವರು ಕಡಿಮೆ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಆರಂಭಿಸಿದ ಗುರುತು ಅದು. ಬಟ್ಟೆ ಅಪ್ಪಟ ರೇಷ್ಮೆ ಎನ್ನುವುದಕ್ಕಷ್ಟೇ ಅದು ಖಾತರಿ, ಜರಿಗಲ್ಲ.

ಅದರ ಹಾಲೋಗ್ರಾಂ ಅನ್ನು ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿ. ಹಸಿರು ಸರಿದು ಕೆಂಪು ಬರುತ್ತದೆ. ಅಲ್ಲಿ ಬಣ್ಣದ ಮಸಿಯ ಕೆಲಸವಿಲ್ಲ. ಇಂಥ ಮುದ್ರೆಗಳಲ್ಲಿ ಒಂದು ಮಿಲಿಮೀಟರಿಗೆ ಸಾವಿರದ ಆಸುಪಾಸು ಗೀರುಗಳಿರುತ್ತವೆ. ಗೀರಿನಿಂದ ಗೀರಿಗೆ ಇರುವ ಅಂತರ ಬೆಳಕಿನ ಅಲೆಯ ಅಳತೆಗೆ ಹತ್ತಿರವಾದ್ದರಿಂದ ಒಂದೊಂದು ಬಣ್ಣ ಒಂದೊಂದು ದಿಕ್ಕಿಗೆ ಹೊರಡುತ್ತದೆ. ನವಿಲುಗರಿಯ ನೀಲಿಯೂ ಹೀಗೆ ರಚನೆಯಿಂದಲೇ ಹುಟ್ಟಿದ್ದು. ಜೆರಾಕ್ಸ್ ಯಂತ್ರಕ್ಕೆ ದಕ್ಕುವುದು ಒಂದು ಕೋನದ ನೋಟ ಮಾತ್ರ, ಹಾಗಾಗಿ ಅದರಿಂದ ನಕಲು ಆಗದು.

ಆದರೆ ಲೇಬಲ್ ಅಸಲಿಯಾದ ಮಾತ್ರಕ್ಕೆ ಸೀರೆ ಅಸಲಿಯಾಗಬೇಕಿಲ್ಲ. ದಾರ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದರೆ ಏನು ಮಾಡುವುದು? ನನ್ನ ಆಸಕ್ತಿ ಇರುವುದು ಇಲ್ಲಿ. ಉತ್ತರದ ಎಳೆ ರೇಷ್ಮೆಗೂಡಿನಲ್ಲೇ ಸಿಗಬಹುದು.

ರಾಮನಗರದ ಗೂಡಿನ ಮಾರುಕಟ್ಟೆಯಿಂದ ಹೊರಟ ಗೂಡು ರೀಲರ್‌ಗಳ ಮನೆಯಲ್ಲಿ ಬಿಸಿನೀರಿಗೆ ಬೀಳುತ್ತದೆ, ಅಂಟು ಸಡಿಲಗೊಂಡು ನೂಲು ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಫಿಯೊರೆಂಜೊ ಒಮೆನೆಟ್ಟೊ ಮತ್ತು ಡೇವಿಡ್ ಕಪ್ಲಾನ್ ಇದೇ ಹಿಪ್ಪುನೇರಳೆ ಹುಳುವಿನ ಗೂಡನ್ನು ಬೇರೆ ದಾರಿಯಲ್ಲಿ ಕರಗಿಸಿದರು. ಸೋಡಾದಲ್ಲಿ ಕುದಿಸಿ ಅಂಟು ತೆಗೆದು, ಉಳಿದ ಎಳೆಯನ್ನು ಲವಣದ್ರಾವಣದಲ್ಲಿ ಕರಗಿಸಿ, ಲವಣ ಹೊರಹಾಕಿ, ಆ ರೇಷ್ಮೆನೀರನ್ನು ಸೂಕ್ಷ್ಮ ಗೀರುಗಳ ಅಚ್ಚಿನ ಮೇಲೆ ಸುರಿದರು. ನೀರು ಆರಿದ ಮೇಲೆ ಎದ್ದುಬಂದದ್ದು ಗಾಜಿನಂಥ ಹಾಳೆ, ಅದರ ಮೈಮೇಲೆ ಅಚ್ಚಿನ ಪ್ರತಿ ಗೀರು. ರೇಷ್ಮೆಯ ಮೇಲಿನ ಹಾಲೋಗ್ರಾಂ ಅನ್ನು ಒಮೆನೆಟ್ಟೊ 2011ರ ಟೆಡ್ ಭಾಷಣದಲ್ಲಿ ತೋರಿಸಿದ್ದಾರೆ. ಈ ಹಾಳೆಯನ್ನು ನೀರಲ್ಲಿ ಕರಗುವಂತೆಯೂ ಮಾಡಬಹುದು, ಕರಗದಂತೆಯೂ ಮಾಡಬಹುದು. ಕರಗುವ ಬಗೆಯದನ್ನು ಸೀರೆಗೇ ಅಂಟಿಸಿದರೆ, ನೆನೆಸಿ ಕಿತ್ತು ಬೇರೆಡೆ ಹಚ್ಚಲು ಹೊರಟವನ ಕೈಯಲ್ಲೇ ಮುದ್ರೆ ಅಳಿದುಹೋದೀತು ಎಂಬುದು ನನ್ನ ಎಣಿಕೆ.

ಇಂಥ ಮುದ್ರೆಗೆ ಬೇಕಾದ ರೇಷ್ಮೆ ನಮ್ಮಲ್ಲೇ ಇದೆ. ಚನ್ನಪಟ್ಟಣದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಗಿರಣಿಯಿದೆ. ಕನಕಪುರ, ಮಾಗಡಿಯ ಹೊಲಗಳಲ್ಲಿ ಹಿಪ್ಪುನೇರಳೆ ಇದೆ. ಬಿಚ್ಚಾಣಿಕೆಗೆ ಬಾರದ ತೂತುಗೂಡನ್ನೂ ಕರಗಿಸಬಹುದು. ಮಂಡಳಿಯ ಕಚೇರಿ ಇಲ್ಲೇ ಬೆಂಗಳೂರಿನಲ್ಲಿದೆ. ರೇಷ್ಮೆಯ ಸಾಚಾತನಕ್ಕೆ ಪ್ಲಾಸ್ಟಿಕ್ಕಿನ ಸಾಕ್ಷಿ ಸಾಕು ಎನ್ನದೆ, ರಾಮನಗರದ ಗೂಡಿನಿಂದಲೇ ಮುದ್ರೆ ಮಾಡಿ ನೋಡುವ ಪ್ರಯೋಗವನ್ನು ಮಂಡಳಿ ಕೈಗೆತ್ತಿಕೊಳ್ಳಬೇಕು.