ನಿಂದೆಯ ಮಾತಿಗೆ ಹೊಣೆ ಯಾರು? ಮಾಧ್ಯಮದ ಇಬ್ಬಗೆಯ ಮಾನದಂಡ: ಒಂದು ಭಾಷಾವೈಜ್ಞಾನಿಕ ವಿಮರ್ಶೆ

1. ಆರೋಪದ ಸ್ವರೂಪ

ಜನಾಂಗೀಯ ನಿಂದೆಯ ಮಾತನ್ನಾಡಿದ ಮಾಧ್ಯಮವ್ಯಕ್ತಿಯೊಬ್ಬರು ಕೆಲಸ ಕಳೆದುಕೊಂಡಾಗ, ಅಂಥದೇ ಮಾತನ್ನಾಡಿದ ಇನ್ನೊಬ್ಬರು ಹೇಗೆ ಉಳಿದುಕೊಂಡರು ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಅಮೆರಿಕದ ಸಾರ್ವಜನಿಕ ಚರ್ಚೆಯಲ್ಲಿ ಇದನ್ನು 'ಇಬ್ಬಗೆಯ ಮಾನದಂಡ'ದ ಆರೋಪವೆಂದು ಕರೆಯುತ್ತಾರೆ. ಆರೋಪ ಹೊರಿಸುವವರೂ ಅದನ್ನು ನಿರಾಕರಿಸುವವರೂ ಒಂದು ಭಾಷಾವೈಜ್ಞಾನಿಕ ಊಹೆಯನ್ನು ಪ್ರಶ್ನಿಸದೆ ಒಪ್ಪಿಕೊಂಡಿರುತ್ತಾರೆ: ಎರಡು ಉಕ್ತಿಗಳು ಒಂದೇ ಬಗೆಯವೋ ಬೇರೆ ಬೇರೆಯೋ ಎಂಬುದು ಕೇಳಿದೊಡನೆ ತಿಳಿಯುತ್ತದೆ ಎಂಬುದೇ ಆ ಊಹೆ. ಪ್ರಸ್ತುತ ಲೇಖನದಲ್ಲಿ ನಾವು ಇದನ್ನು ಪರೀಕ್ಷಿಸಲು ಯತ್ನಿಸುತ್ತೇವೆ. ನಮ್ಮ ವಾದವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು: ಆಡಿದ ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇಬ್ಬಗೆತನ ಸಿಗುವುದು ಅಪರೂಪ, ಉಕ್ತಿಯ ಹೊಣೆಯನ್ನು ಸಂಸ್ಥೆಯು ಯಾವ ಪಾತ್ರದ ಮೇಲೆ ಹೊರಿಸುತ್ತದೆ, ಅದನ್ನು ಯಾವಾಗ ಬದಲಿಸುತ್ತದೆ ಎಂಬುದನ್ನು ನೋಡಿದರೆ ಮಾತ್ರ ಅದು ಕಾಣುತ್ತದೆ.

ಚರ್ಚೆಗೆ ಬರುವ ನಿಂದಾಪದಗಳನ್ನು ನಾವು ಅಕ್ಷರಶಃ ಮುದ್ರಿಸಿಲ್ಲ. ವಾದಕ್ಕೆ ಅವುಗಳ ರೂಪ ಅಗತ್ಯವಿಲ್ಲ. ಆಫ್ರಿಕನ್ ಅಮೆರಿಕನ್ನರನ್ನು ಕುರಿತ ಪ್ರಸಿದ್ಧ ನಿಂದಾಪದವನ್ನು ಮುಂದೆ 'ಎನ್-ಪದ' ಎಂದಷ್ಟೇ ಸೂಚಿಸುತ್ತೇವೆ.

2. ತಪ್ಪು ಜೋಡಿ: ಮೇ 2018

ಈ ಆರೋಪದ ಅತಿ ಪ್ರಚಲಿತ ಉದಾಹರಣೆ 2018ರ ಮೇ ತಿಂಗಳ ಕೊನೆಯದು. ಮೇ 29ರಂದು ನಟಿ ರೋಸಾನ್ ಬಾರ್, ಅಧ್ಯಕ್ಷ ಒಬಾಮರ ಸಲಹೆಗಾರ್ತಿಯಾಗಿದ್ದ ವ್ಯಾಲೆರಿ ಜ್ಯಾರೆಟ್ ಅವರನ್ನು ವಾನರಗಳ ಕುರಿತ ಚಲನಚಿತ್ರವೊಂದಕ್ಕೆ ಹೋಲಿಸಿ ಟ್ವೀಟ್ ಮಾಡಿದರು. ಕೆಲವೇ ಗಂಟೆಗಳಲ್ಲಿ ಎಬಿಸಿ ವಾಹಿನಿ ಅವರ ಜನಪ್ರಿಯ ಧಾರಾವಾಹಿಯನ್ನು ರದ್ದುಗೊಳಿಸಿತು. ಮರುದಿನ ಟಿಬಿಎಸ್ ವಾಹಿನಿಯ ಹಾಸ್ಯ ಕಾರ್ಯಕ್ರಮದಲ್ಲಿ ಸಮಂತಾ ಬೀ, ಇವಾಂಕಾ ಟ್ರಂಪ್ ಅವರನ್ನು ಸ್ತ್ರೀ ಜನನಾಂಗವಾಚಿಯಾದ ಅಶ್ಲೀಲ ಪದದಿಂದ ಬೈದರು. ಅವರು ಕ್ಷಮೆ ಕೋರಿದರು, ಕೆಲವು ಜಾಹೀರಾತುದಾರರು ಹಿಂದೆ ಸರಿದರು, ಕಾರ್ಯಕ್ರಮ ಮುಂದುವರಿಯಿತು. ಇದು ಇಬ್ಬಗೆಯ ಮಾನದಂಡವೆಂದು ಜೂನ್ 1ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರೇ ಟ್ವೀಟ್ ಮಾಡಿದರು.

ಈ ಜೋಡಿ ಹೋಲಿಕೆಗೆ ಒದಗುವುದಿಲ್ಲ. ಬೀ ಅವರ ಮಾತಿನಲ್ಲಿ ನಿಷಿದ್ಧ ಪದವಿದೆ, ಆದರೆ ಅದು ಜನಾಂಗವಾಚಿಯಲ್ಲ. ಬಾರ್ ಅವರ ಟ್ವೀಟಿನಲ್ಲಿ ಒಂದೇ ಒಂದು ನಿಷಿದ್ಧ ಪದವೂ ಇಲ್ಲ. ನಿಘಂಟಿನಲ್ಲಿ ಎಲ್ಲ ಪದಗಳೂ ನಿರಪಾಯಕರ. ಆದರೆ ಕಪ್ಪು ಜನರನ್ನು ವಾನರರಿಗೆ ಹೋಲಿಸುವ ದೀರ್ಘ ಇತಿಹಾಸ ಆ ಹೋಲಿಕೆಯ ಹಿಂದಿದೆ. ಅದು ಜನಾಂಗೀಯ ನಿಂದೆಯಾಗುವುದು ಈ ಇತಿಹಾಸದಿಂದ. ಕನ್ನಡದ ಎರಡು ಮಾತುಗಳು ಇಲ್ಲಿ ನೆರವಿಗೆ ಬರುತ್ತವೆ. 'ಬೈಗುಳ' ಮುಖ್ಯವಾಗಿ ಒಂದು ಭಾಷಾರೂಪದ ಹೆಸರು. 'ನಿಂದನೆ' ಒಂದು ಕ್ರಿಯೆಯ ಹೆಸರು. ಬೈಗುಳವಿಲ್ಲದೆ ನಿಂದಿಸಬಹುದು, ಗೆಳೆಯರ ನಡುವೆ ನಿಂದಿಸದೆಯೇ ಬೈಗುಳವನ್ನು ಬಳಸಬಹುದು. ಬೀ ಆಡಿದ್ದು ಬೈಗುಳ; ಬಾರ್ ಮಾಡಿದ್ದು ಬೈಗುಳವಿಲ್ಲದ ಜನಾಂಗೀಯ ನಿಂದನೆ. ಮೇಲಾಗಿ, ಎರಡು ಬೇರೆ ವಾಹಿನಿಗಳು ಎರಡು ಬೇರೆ ತೀರ್ಪು ಕೊಟ್ಟರೆ ಅದು ಇಬ್ಬರು ತೀರ್ಪುಗಾರರ ಭಿನ್ನಮತವಾದೀತೇ ಹೊರತು ಇಬ್ಬಗೆಯ ಮಾನದಂಡವಾಗದು. ಮಾನದಂಡ ಇಬ್ಬಗೆಯದೆನ್ನಲು ಅದನ್ನು ಹಿಡಿದ ಕೈ ಒಂದೇ ಆಗಿರಬೇಕು.

3. ಪದಕೇಂದ್ರಿತ ಸಿದ್ಧಾಂತದ ಮಿತಿ

ಈ ಗೊಂದಲಕ್ಕೆ ನಮ್ಮ ಶಾಸ್ತ್ರವೂ ಸ್ವಲ್ಪಮಟ್ಟಿಗೆ ಕಾರಣ. ಕಳೆದ ಎರಡು ದಶಕಗಳ ನಿಂದಾಪದ ಚರ್ಚೆ ಬಹುಪಾಲು ಪದವನ್ನೇ ಕೇಂದ್ರವಾಗಿ ಉಳ್ಳದ್ದು. ಕ್ರಿಸ್ಟೋಫರ್ ಹಾಮ್ (2008) ಜನಾಂಗದ್ವೇಷದ ಸಾಮಾಜಿಕ ಸಂಸ್ಥೆಗಳು ಪದದ ಅರ್ಥವನ್ನೇ ರೂಪಿಸುತ್ತವೆ ಎಂದರು. ಲೂವೆಲ್ ಆಂಡರ್ಸನ್ ಮತ್ತು ಅರ್ನಿ ಲೆಪೋರ್ (2013) ಇದನ್ನು ಒಪ್ಪದೆ, ನಿಂದಾಪದದ ಪೆಟ್ಟು ಅರ್ಥದಿಂದ ಬಂದುದಲ್ಲ, ಆ ಪದದ ಮೇಲಿರುವ ನಿಷೇಧದಿಂದ ಬಂದುದು ಎಂದರು. ಉದ್ಧರಣ ಚಿಹ್ನೆಯೊಳಗಿಟ್ಟರೂ ಪದ ಏಕೆ ನೋಯಿಸುತ್ತದೆ ಎಂಬುದನ್ನು ಈ ಮತ ಚೆನ್ನಾಗಿ ವಿವರಿಸುತ್ತದೆ. ಆದರೆ ಬಾರ್ ಅವರ ಟ್ವೀಟಿನಂಥ, ಪದವಿಲ್ಲದ ನಿಂದೆಯನ್ನು ಕುರಿತು ಎರಡೂ ಮತಗಳಿಗೆ ಹೇಳಲು ಹೆಚ್ಚೇನೂ ಇಲ್ಲ.

ಇನ್ನೊಂದು ತುದಿಯಲ್ಲಿ, ಅರ್ಥವೆಲ್ಲವೂ ಆಡಿದವರ ಮನಸ್ಸಿನಲ್ಲಿದೆ ಎಂಬ ನಂಬಿಕೆಯಿದೆ. ಜೇನ್ ಹಿಲ್ (2008) ಇದನ್ನು ವ್ಯಕ್ತಿನಿಷ್ಠ ಭಾಷಾ ಸಿದ್ಧಾಂತವೆಂದು ಗುರುತಿಸಿ, ಬಿಳಿಯರ ದೈನಂದಿನ ಜನಾಂಗದ್ವೇಷಕ್ಕೆ ಅದು ಹೇಗೆ ಮರೆಯಾಗುತ್ತದೆಂದು ತೋರಿಸಿದರು. 'ನನ್ನ ಉದ್ದೇಶ ಅದಾಗಿರಲಿಲ್ಲ' ಎಂಬ ಕ್ಷಮಾಪಣೆಯ ಸಿದ್ಧ ವಾಕ್ಯ ನಿಂತಿರುವುದು ಈ ನಂಬಿಕೆಯ ಮೇಲೆಯೇ.

ಪದ ಮತ್ತು ಮನಸ್ಸು ಎಂಬ ಈ ಎರಡು ತುದಿಗಳ ನಡುವೆ ಅರ್ವಿಂಗ್ ಗಾಫ್‌ಮನ್ ಅವರ ವಿಭಜನೆ ಹೆಚ್ಚು ಉಪಯುಕ್ತವೆಂದು ನಾವು ಭಾವಿಸುತ್ತೇವೆ. 1979ರ 'ಫುಟಿಂಗ್' ಎಂಬ ಲೇಖನದಲ್ಲಿ ಅವರು 'ಮಾತುಗಾರ' ಎಂಬ ಒಂದೇ ಕಲ್ಪನೆಯನ್ನು ಮೂರಾಗಿ ಒಡೆದರು. ಧ್ವನಿ ಅಥವಾ ಅಕ್ಷರವನ್ನು ಹೊರಡಿಸುವವರು ಉಚ್ಚಾರಕರು. ಪದಗಳನ್ನು ಆಯ್ದು ಜೋಡಿಸಿದವರು ಕರ್ತೃ. ಆ ಮಾತಿನ ನಿಲುವು ಯಾರದೋ ಅವರು ಹೊಣೆಗಾರರು. ಸಾಮಾನ್ಯ ಸಂಭಾಷಣೆಯಲ್ಲಿ ಮೂರೂ ಪಾತ್ರಗಳು ಒಬ್ಬರಲ್ಲೇ ಕೂಡಿರುತ್ತವೆ. ಉದ್ಧರಣೆ, ಅಣಕ, ಗಾದೆ, ನಾಟಕ, ಮರುಹಂಚಿಕೆಗಳಲ್ಲಿ ಅವು ಬೇರ್ಪಡುತ್ತವೆ. ಮಾಧ್ಯಮದ ವಿವಾದಗಳು ಹೆಚ್ಚಾಗಿ ಹುಟ್ಟುವುದು ಇಂಥ ಬೇರ್ಪಟ್ಟ ಉಕ್ತಿಗಳಲ್ಲೇ.

4. ಒಂದು ಸಂಸ್ಥೆ, ಮೂರು ತೀರ್ಪು

ತೀರ್ಪುಗಾರರು ಒಬ್ಬರೇ ಆಗಿರುವ ಪ್ರಕರಣಗಳು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಸಿಗುತ್ತವೆ.

ಮೊದಲನೆಯದು 2018ರ ಫೆಬ್ರವರಿ 13ರದು. ತಂತ್ರಜ್ಞಾನ ವಿಷಯದ ಬರಹಗಾರ್ತಿ ಕ್ವಿನ್ ನಾರ್ಟನ್ ಅವರನ್ನು ಸಂಪಾದಕೀಯ ಮಂಡಳಿಗೆ ನೇಮಿಸಿದ್ದಾಗಿ ಪತ್ರಿಕೆ ಪ್ರಕಟಿಸಿತು. ಅದೇ ದಿನ ಆ ಸಂಬಂಧ ಕೊನೆಗೊಂಡಿತು. ಅವರ ಹಳೆಯ ಟ್ವೀಟುಗಳಲ್ಲಿ ಸಲಿಂಗಿಗಳನ್ನು ಕುರಿತ ನಿಂದಾಪದಗಳಿದ್ದವು; ಎನ್-ಪದವಿದ್ದ ಬೇರೊಬ್ಬರ ಟ್ವೀಟನ್ನು ಅವರು ಮರುಹಂಚಿದ್ದರು; ನವನಾಜಿ ಎಂದು ಕುಖ್ಯಾತನಾದ ವ್ಯಕ್ತಿಯೊಬ್ಬನ ಸ್ನೇಹವೂ ಆಕ್ಷೇಪಕ್ಕೆ ಒಳಗಾಯಿತು. ಆಯಾ ಸಮುದಾಯದೊಳಗೆ ಆ ಸಮುದಾಯದ ನುಡಿಯಲ್ಲೇ ಮಾತನಾಡಿದ್ದೆ ಎಂಬುದು ಅವರ ಸಮರ್ಥನೆಯ ತಿರುಳು. ಮರುಹಂಚಿದ ಟ್ವೀಟಿನ ಮಟ್ಟಿಗೆ ಅವರು ಉಚ್ಚಾರಕರು ಮಾತ್ರ, ಕರ್ತೃವಲ್ಲ.

ಎರಡನೆಯದು ಅದೇ ವರ್ಷದ ಆಗಸ್ಟ್ ತಿಂಗಳದು. ಅದೇ ಮಂಡಳಿಗೆ, ಅದೇ ತಂತ್ರಜ್ಞಾನ ವಿಷಯಕ್ಕೆ, ಕೊರಿಯಾ ಮೂಲದ ಸಾರಾ ಜಾಂಗ್ ಅವರ ನೇಮಕವಾಯಿತು. ಬಿಳಿಯರನ್ನು ಹೀಗಳೆಯುವ ಅವರ ಹಳೆಯ ಟ್ವೀಟುಗಳು ಹೊರಬಂದವು. ಪತ್ರಿಕೆ ಅವರನ್ನು ಉಳಿಸಿಕೊಂಡಿತು. ತಮ್ಮನ್ನು ಕಾಡುತ್ತಿದ್ದವರ ಭಾಷೆಯನ್ನೇ ಅನುಕರಿಸಿ ಜಾಂಗ್ ಉತ್ತರಿಸುತ್ತಿದ್ದರು, ಪತ್ರಿಕೆ ಅದನ್ನು ಸಮರ್ಥಿಸುವುದಿಲ್ಲ, ಅವರೂ ವಿಷಾದಿಸಿದ್ದಾರೆ ಎಂಬುದು ಪ್ರಕಟಣೆಯ ಸಾರ. ಗಾಫ್‌ಮನ್ನರ ಪರಿಭಾಷೆಯಲ್ಲಿ: ಅವರು ಉಚ್ಚಾರಕರೂ ಕರ್ತೃವೂ ಹೌದು, ಆದರೆ ಅಣಕವಾದ್ದರಿಂದ ಆ ನಿಲುವಿಗೆ ಹೊಣೆಗಾರರಲ್ಲ.

ಮೂರನೆಯದು 2021ರ ಫೆಬ್ರವರಿಯದು. ದಶಕಗಳ ಕಾಲ ಆ ಪತ್ರಿಕೆಯಲ್ಲಿ ದುಡಿದಿದ್ದ ವಿಜ್ಞಾನ ವರದಿಗಾರ ಡೊನಾಲ್ಡ್ ಮೆಕ್ನೀಲ್ ಹುದ್ದೆ ತೊರೆದರು. 2019ರಲ್ಲಿ ಪೆರುವಿಗೆ ಹೋಗಿದ್ದ ವಿದ್ಯಾರ್ಥಿಗಳ ಪ್ರವಾಸದಲ್ಲಿ ಅವರು ಎನ್-ಪದವನ್ನು ನುಡಿದಿದ್ದರು. ಅವರ ಹೇಳಿಕೆಯಂತೆ, ಆ ಪದ ಬಳಸಿದ ಕಾರಣಕ್ಕೆ ಸಹಪಾಠಿಯೊಬ್ಬಳನ್ನು ಶಾಲೆ ಅಮಾನತು ಮಾಡಿದ್ದು ಸರಿಯೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳು ಯಾರನ್ನಾದರೂ ಹಾಗೆ ಕರೆದಳೋ, ಹಾಡಿನ ಸಾಲು ಹೇಳಿದಳೋ, ಪುಸ್ತಕದ ಹೆಸರು ಹೇಳಿದಳೋ ಎಂದು ಇವರು ಮರುಪ್ರಶ್ನಿಸಿದರು. ಬಳಕೆ ಮತ್ತು ಉಲ್ಲೇಖಗಳ ವ್ಯತ್ಯಾಸವನ್ನು ವಿಚಾರಿಸುತ್ತಿದ್ದ ವಾಕ್ಯದಲ್ಲೇ ಆ ಪದ ಉಲ್ಲೇಖವಾಗಿ ಬಂದಿತ್ತು. ವಿದ್ಯಾರ್ಥಿಗಳು ಅವರ ಇತರ ಮಾತುಗಳ ಬಗೆಗೂ ದೂರಿದ್ದರೆಂಬುದನ್ನು ಇಲ್ಲಿ ಮರೆಯಬಾರದು. ಮೊದಲಿಗೆ ಸಂಪಾದಕರು ವಾಗ್ದಂಡನೆಗೆ ತೃಪ್ತರಾಗಿದ್ದರು. ಸುದ್ದಿ ಬಹಿರಂಗವಾಗಿ, ಸುಮಾರು 150 ಸಿಬ್ಬಂದಿ ಸಹಿ ಹಾಕಿದ ಪತ್ರ ಬಂದ ಬಳಿಕ, ಉದ್ದೇಶ ಏನೇ ಇರಲಿ ಜನಾಂಗದ್ವೇಷದ ಭಾಷೆಯನ್ನು ಸಹಿಸುವುದಿಲ್ಲವೆಂದು ಘೋಷಿಸಲಾಯಿತು. ಕೆಲವು ದಿನಗಳಲ್ಲಿ ಪ್ರಧಾನ ಸಂಪಾದಕ ಡೀನ್ ಬ್ಯಾಕೆ, ಉದ್ದೇಶ ಮುಖ್ಯವೇ ಹೌದೆಂದು ಆ ಮಾತಿನಿಂದ ಹಿಂದೆ ಸರಿದರು.

ಮೂರನ್ನೂ ಒಟ್ಟಿಗೆ ಓದಿದರೆ ಸಂಗತಿ ಸ್ಪಷ್ಟವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಉದ್ದೇಶ ಬಿಡುಗಡೆಯ ದಾರಿಯಾಯಿತು; 2021ರಲ್ಲಿ ಉದ್ದೇಶವನ್ನು ಪರಿಗಣಿಸುವುದೇ ಇಲ್ಲವೆಂದು ಹೇಳಲಾಯಿತು. ಜಾಂಗ್ ಅವರ ವಿಷಯದಲ್ಲಿ ಹೊಣೆಗಾರರು ಯಾರೆಂದು ಕೇಳಿದ ಸಂಸ್ಥೆ, ಮೆಕ್ನೀಲ್ ಅವರ ವಿಷಯದಲ್ಲಿ ಉಚ್ಚಾರಕರು ಯಾರೆಂದಷ್ಟೇ ಕೇಳಿತು. ಇಬ್ಬಗೆಯ ಮಾನದಂಡ ಎಂಬ ಮಾತು ಸಾರ್ಥಕವಾಗಿ ಅನ್ವಯಿಸುವುದು ಇಲ್ಲಿ.

5. ಎರಡು ಆಕ್ಷೇಪಗಳು

ಉಲ್ಲೇಖವೆಲ್ಲ ನಿರ್ದೋಷವೆಂದು ನಾವು ಹೇಳುತ್ತಿದ್ದೇವೆಯೇ ಎಂದು ಕೇಳಬಹುದು. ಹಾಗಲ್ಲ. 2020ರ ಜುಲೈನಲ್ಲಿ ಬ್ರಿಸ್ಟಲ್ ನಗರದ ಜನಾಂಗೀಯ ದಾಳಿಯೊಂದನ್ನು ವರದಿ ಮಾಡುವಾಗ ಬಿಬಿಸಿ ವರದಿಗಾರ್ತಿ ದಾಳಿಕೋರರು ಆಡಿದರೆನ್ನಲಾದ ಎನ್-ಪದವನ್ನು ಹಾಗೆಯೇ ಉಚ್ಚರಿಸಿದರು. ಸಂತ್ರಸ್ತನ ಕುಟುಂಬದವರ ಇಚ್ಛೆಯೂ ಅದೇ ಆಗಿತ್ತೆಂದು ಸಂಸ್ಥೆ ಸಮರ್ಥಿಸಿಕೊಂಡಿತು. 18,600ಕ್ಕೂ ಹೆಚ್ಚು ದೂರುಗಳು ಬಂದವು. ಕಪ್ಪು ನಿರೂಪಕರೊಬ್ಬರು ಬಿಬಿಸಿಯನ್ನೇ ತೊರೆದರು. ಕೊನೆಗೆ ಮಹಾನಿರ್ದೇಶಕ ಟೋನಿ ಹಾಲ್ ಕ್ಷಮೆ ಕೋರಿದರು. ಕೇಳುಗರ ಕಿವಿಗೆ ತಲುಪುವ ಪೆಟ್ಟು ಉದ್ಧರಣ ಚಿಹ್ನೆಯಿಂದ ಪೂರ್ತಿ ತಗ್ಗುವುದಿಲ್ಲ ಎಂಬ ಆಂಡರ್ಸನ್–ಲೆಪೋರ್ ಮತಕ್ಕೆ ಇದು ಬಲವಾದ ಪುರಾವೆ. ಉಚ್ಚಾರಕರನ್ನು ಹೊಣೆಯಾಗಿಸುವ ನಿಯಮವನ್ನು ಒಂದು ಸಂಸ್ಥೆ ಸಕಾರಣವಾಗಿ ಅಂಗೀಕರಿಸಬಹುದು. ಅಂಗೀಕರಿಸಿದ ಮೇಲೆ ಅದು ಎಲ್ಲ ಉಚ್ಚಾರಕರಿಗೂ ಸಲ್ಲಬೇಕೆಂಬುದಷ್ಟೇ ನಮ್ಮ ಒತ್ತಾಯ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬಿಳಿಯರನ್ನು ಹಳಿಯುವ ಮಾತಿಗೂ ಕಪ್ಪು ಜನರನ್ನು ಹಳಿಯುವ ಮಾತಿಗೂ ಇತಿಹಾಸ ಒಂದೇ ಅಲ್ಲ. ಗುಲಾಮಗಿರಿ, ಗುಂಪುಹತ್ಯೆ, ಕಾನೂನುಬದ್ಧ ಪ್ರತ್ಯೇಕತೆಗಳ ಬೆಂಬಲ ಒಂದಕ್ಕಿದೆ, ಇನ್ನೊಂದಕ್ಕಿಲ್ಲ. ಹಾಗಿರುವಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಅನ್ಯಾಯವಲ್ಲವೇ? ಈ ಅಸಮತೆಯನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ನಿಂದಾಪದದ ಬಲ ಅದರ ಸಾಮಾಜಿಕ ಬೆಂಬಲದಿಂದ ಬರುತ್ತದೆಂದು ಹಾಮ್ ಹೇಳಿದ್ದೂ ಇದನ್ನೇ. ಆದರೆ ಪತ್ರಿಕೆ 2018ರಲ್ಲಿ ಕೊಟ್ಟ ಕಾರಣ ಅಸಮತೆಯಲ್ಲ, ಅನುಕರಣೆ. ಅಸಮತೆಯೇ ನಿಜವಾದ ಕಾರಣವಾಗಿದ್ದರೆ ಅದನ್ನು ಬಹಿರಂಗವಾಗಿ ಹೇಳಿ ವಾದಿಸಬಹುದಿತ್ತು. ಇನ್ನೊಂದು ಅಂಶವೂ ಇದೆ: ಜಾಂಗ್ ಅವರ ಟ್ವೀಟುಗಳನ್ನು ನೇಮಕಕ್ಕೆ ಮುನ್ನವೇ ಪರಿಶೀಲಿಸಲಾಗಿತ್ತು, ನಾರ್ಟನ್ ಅವರ ಟ್ವೀಟುಗಳು ಸಂಪಾದಕರಿಗೆ ಹೊಸ ಸುದ್ದಿಯಾಗಿದ್ದವು. ಒಬ್ಬರು ಉಳಿದು ಇನ್ನೊಬ್ಬರು ಹೋದದ್ದರಲ್ಲಿ ಈ ಆಡಳಿತದ ಅಂಶದ ಪಾಲೂ ಇರಬಹುದು. ಅರ್ಥವಿಜ್ಞಾನದ ಭಾಷೆಯಲ್ಲಿ ಕೊಡಲಾದ ಕಾರಣ ಯಾವುದು, ತೀರ್ಪನ್ನು ನಡೆಸಿದ ಕಾರಣ ಯಾವುದು ಎಂಬುದನ್ನು ಬೇರ್ಪಡಿಸಿ ಓದುವುದು ಭಾಷಾವಿಜ್ಞಾನಿಯ ಕರ್ತವ್ಯ.

6. ಕನ್ನಡದ ಸಂದರ್ಭ

ಇದು ಅಮೆರಿಕ–ಬ್ರಿಟನ್‌ಗಳ ಸಂಗತಿಯೆಂದು ನಮ್ಮ ಸಂಶೋಧಕರು ಪಕ್ಕಕ್ಕಿಡುವಂತಿಲ್ಲ. ಜಾತಿಯೂ ಜನಾಂಗವೂ ಒಂದೇ ಅಲ್ಲ; ಆದರೆ ಹೊಣೆಯ ಪ್ರಶ್ನೆ ಎರಡರಲ್ಲೂ ಒಂದೇ ರೀತಿಯಲ್ಲಿ ಏಳುತ್ತದೆ. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ನೇರಪ್ರಸಾರದ ಮಾತಿನ ನಡುವೆ ಜಾತಿವಾಚಿ ಪದವಿದ್ದ ಗಾದೆಯೊಂದನ್ನು ಬಳಸಿದರು. ವಿರೋಧ ಬಂದಾಗ ವಿಡಿಯೋ ತೆಗೆದುಹಾಕಿ ಕ್ಷಮೆ ಕೋರಿದರು. ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಉಚ್ಚ ನ್ಯಾಯಾಲಯ ಮಧ್ಯಂತರ ತಡೆ ನೀಡಿತು. ಗಾದೆ ಗಾಫ್‌ಮನ್ನರ ವಿಭಜನೆಗೆ ಕಠಿಣ ಪರೀಕ್ಷೆ. ಅದಕ್ಕೆ ಕರ್ತೃವೇ ಇಲ್ಲ, ಊರೇ ಕರ್ತೃ. ಆಡಿದವರು ಉಚ್ಚಾರಕರು ಎಂಬುದು ನಿರ್ವಿವಾದ. ಆದರೆ ಯಾರೂ ಗಾದೆಯನ್ನು ಸುಮ್ಮನೆ ಉದ್ಧರಿಸುವುದಿಲ್ಲ. ತಮ್ಮ ವಾದಕ್ಕೆ ಊರಿನ ಸಮ್ಮತಿಯನ್ನು ತರಲೆಂದೇ ಅದನ್ನು ಆಡುತ್ತಾರೆ. ಹಾಗೆ ಸಮ್ಮತಿಯನ್ನು ತಂದುಕೊಳ್ಳುವವರು ಆ ಗಾದೆಯೊಳಗಿನ ಶ್ರೇಣೀಕರಣಕ್ಕೆ ಎಷ್ಟರಮಟ್ಟಿಗೆ ಹೊಣೆಗಾರರು? ಇದು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ ಈ ವಿಷಯದಲ್ಲಿ ಮೇಲಿನ ಪತ್ರಿಕೆಗಿಂತ ಸ್ಪಷ್ಟವಾಗಿದೆ ಎಂಬುದು ಗಮನಾರ್ಹ. 2015ರ ತಿದ್ದುಪಡಿಯ ನಂತರದ 3(1)(ಆರ್) ಉಪವಾಕ್ಯ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಹೀನಾಯಗೊಳಿಸುವ ಉದ್ದೇಶದಿಂದ ಅವಮಾನಿಸುವುದನ್ನು ಹೇಳುತ್ತದೆ. 3(1)(ಎಸ್) ಉಪವಾಕ್ಯ, ಅಂಥ ಸ್ಥಳದಲ್ಲಿ ಜಾತಿಯ ಹೆಸರು ಹಿಡಿದು ಬೈಯುವುದನ್ನು ಹೇಳುತ್ತದೆ. ಮೊದಲನೆಯದರ ಪಠ್ಯ ಉದ್ದೇಶವನ್ನು ಹೆಸರಿಸುತ್ತದೆ. ಎರಡನೆಯದರ ಪಠ್ಯ ಪದವನ್ನು ಹೆಸರಿಸುತ್ತದೆ. ನ್ಯಾಯಾಲಯಗಳ ವ್ಯಾಖ್ಯಾನದ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ನಿಂದನೆ ಮತ್ತು ಬೈಗುಳ ಎಂಬ ಎರಡು ಅಳತೆಗಳನ್ನು ಬೇರೆಬೇರೆಯಾಗಿ, ಮುಂಚಿತವಾಗಿ ಬರೆದಿಡಬಹುದೆಂಬುದಕ್ಕೆ ಇದು ನಿದರ್ಶನ.

7. ಉಪಸಂಹಾರ

ಇಬ್ಬಗೆಯ ಮಾನದಂಡದ ಆರೋಪವನ್ನು ಅಧ್ಯಯನ ಮಾಡುವವರು ಮೂರು ಪ್ರಶ್ನೆಗಳಿಂದ ಆರಂಭಿಸಬೇಕೆಂದು ನಾವು ಸೂಚಿಸುತ್ತೇವೆ. ತೀರ್ಪುಗಾರರು ಒಬ್ಬರೇ? ಹೋಲಿಸುತ್ತಿರುವುದು ಬೈಗುಳವನ್ನೋ ನಿಂದನೆಯನ್ನೋ? ಪ್ರತಿ ಪ್ರಕರಣದಲ್ಲಿ ಉತ್ತರ ಕೊಡಬೇಕಾದವರು ಉಚ್ಚಾರಕರೋ, ಕರ್ತೃವೋ, ಹೊಣೆಗಾರರೋ? ಇವಕ್ಕೆ ಉತ್ತರಿಸದ ಹೋಲಿಕೆ ರಾಜಕೀಯದ ಆಯುಧವಾದೀತು, ವಿವರಣೆಯಾಗದು. ಉತ್ತರಿಸಿದ ಮೇಲೂ ಉಳಿಯುವ ವ್ಯತ್ಯಾಸವಿದ್ದರೆ ಅದಕ್ಕೆ ಅರ್ಥವಿಜ್ಞಾನದ ಹೆಸರಿನಲ್ಲಿ ಸಮರ್ಥನೆ ಒದಗಿಸುವುದು ನಮ್ಮ ಕೆಲಸವಲ್ಲ. ಆ ವ್ಯತ್ಯಾಸದಲ್ಲಿ ಮಾರುಕಟ್ಟೆ, ಸಿಬ್ಬಂದಿಯ ಒತ್ತಡ, ಆಡಳಿತದ ಮುಜುಗರಗಳ ಪಾಲೆಷ್ಟು ಎಂಬುದನ್ನು ತೋರಿಸುವುದು, ಭಾಷೆಯ ಮೇಲೆ ಹೊರಿಸಿದ ಹೊರೆಯಲ್ಲಿ ಭಾಷೆಯದಲ್ಲದ ಭಾಗವನ್ನು ಇಳಿಸಿಡುವುದು ನಮ್ಮ ಕೆಲಸ.